ಆಸ್ವಾಲ್ಡನ ಮೂಗು

ಶವಪೆಟ್ಟಿಗೆಯ ಹಿಂದಿನ ಹಿಡಿಗೆ ಕೈ ಕೊಟ್ಟು ಎತ್ತುತ್ತಿದ್ದವನು ತಲೆ ಮೇಲೆತ್ತಿದಾಗ ಅದು ಕಿಶನ್ ಎಂದು ಐಡಾಳಿಗೆ ತಿಳಿಯಿತು. ಗಂಡ ಆಸ್ವಾಲ್ಡ್ ಹೋದ ಗಳಿಗೆಯಿಂದ ಅವಳಿಗೆ ಅಳುವುದೊಂದೇ ಕೆಲಸವಾಗಿತ್ತು. ಈಗ ಆ ಅಳುವಿನ ನಡುವೆ ಹೆದರಿಕೆಯೂ ಬಂದು ಕೂತಿತು. ದುಬೈಯಲ್ಲಿ ಏನಾಯಿತೆಂದು ಕಣ್ಣಾರೆ ಕಂಡವನು ಕಿಶನ್ ಒಬ್ಬನೇ. ಅವನು ಇಲ್ಲಿಗೆ ಬರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಮಸ್ಕತ್ತಿನ ರೂವಿಯ ಚರ್ಚಿನಲ್ಲಿ ಅರ್ಧದಷ್ಟು ಬೆಂಚುಗಳೂ ತುಂಬಿರಲಿಲ್ಲ. ತೈಲದ ಬೆಲೆ ಬಿದ್ದು ಮೂರನೆಯ ವರ್ಷ ಅದು. ಕೆಲಸ ಕಳಕೊಂಡವರು ಊರು ಸೇರಿದ್ದರು, ಉಳಿದವರು ಒಂದು ದಿನ ರಜೆ ಕೇಳುವುದಕ್ಕೂ ಅಂಜುತ್ತಿದ್ದರು. ಇಲ್ಲಿ ಸತ್ತವರನ್ನು ಊರಿಗೆ ಕಳಿಸುವುದು ರೂಢಿ. ಐಡಾ ಬೇಡ ಎಂದಿದ್ದಳು. ಮಕ್ಕಳಿಲ್ಲ, ತಂದೆತಾಯಿ ಇಲ್ಲ. ಅಲ್ಲಿ ಪೆಟ್ಟಿಗೆ ಇಳಿಸಿಕೊಳ್ಳುವವರು ಯಾರು? ಮಸ್ಕತ್ತಿನಲ್ಲಿ ಅವನಿಗೆ ಒಂದು ಹೆಸರಾದರೂ ಇತ್ತು. ಸಮುದ್ರ ತೀರದ ದೊಡ್ಡ ಹೋಟೆಲಿನಲ್ಲಿ ಇಪ್ಪತ್ತು ವರ್ಷ ವೈನ್ ವಿಭಾಗ ನೋಡಿಕೊಂಡವನು. ‘ಆಸ್ವಾಲ್ಡನ ಮೂಗು’ ಎಂದರೆ ಕಂಪನಿಗಳ ದೊಡ್ಡವರಿಗೂ ಗೊತ್ತು. ಗ್ಲಾಸನ್ನು ಮೂಗಿನ ಹತ್ತಿರ ತಂದರೆ ಸಾಕು, ದ್ರಾಕ್ಷಿ ಬೆಳೆದ ಊರಿನ ಹೆಸರು ಹೇಳುತ್ತಾನೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅವನು ಬಿಟ್ಟುಹೋದ ಆಸ್ತಿ ಎಂದರೆ ಅದೊಂದೇ ಹೆಸರು. ಅದೂ ಇವತ್ತು ಮಣ್ಣಾಗಬಾರದು ಎಂಬುದಷ್ಟೇ ಅವಳಿಗೆ ಬೇಕಾಗಿತ್ತು.

ಪೆಟ್ಟಿಗೆಯನ್ನು ಗಾಡಿಗೆ ಏರಿಸಿ ಜನ ಚದುರುತ್ತಿದ್ದಂತೆ ಅವಳು ಕಿಶನ್‌ನನ್ನು ಗೋಡೆಯ ನೆರಳಿಗೆ ಕರೆದಳು.

“ಮೇಡಂ, ನಂಗೆ ನಿನ್ನೆ ಸಂಜೆ ಗೊತ್ತಾಯ್ತು. ಹೋಟೆಲಿನ ಜೇನ್ ಫೋನ್ ಮಾಡಿದ್ರು. ಬೆಳಿಗ್ಗೆ ಫ್ಲೈಟ್ ಸಿಕ್ತು, ಓಡಿ ಬಂದೆ,” ಎಂದ ಕಿಶನ್. ಮೈಸೂರಿನ ಹುಡುಗ. ಹಿಂದೆ ಇದೇ ಹೋಟೆಲಿನಲ್ಲಿ ಆಸ್ವಾಲ್ಡನ ಕೈಕೆಳಗೆ ಕೆಲಸ ಕಲಿತು, ಈಗ ದುಬೈಯ ಒಂದು ವೈನ್ ಕಂಪನಿಯಲ್ಲಿ ಖರೀದಿಯ ಮ್ಯಾನೇಜರ್ ಆಗಿದ್ದ.

“ನೀವು ಬಂದದ್ದು ಒಳ್ಳೆದಾಯ್ತು. ಒಂದು ಮಾತು ಕೇಳ್ಲಿಕ್ಕುಂಟು ನನಗೆ. ಅಲ್ಲಿ ಎಂತ ಆಯ್ತು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಎಣ್ಣೆ ರೇಟು ಬಿತ್ತಲ್ಲ, ಹಾಗೆ ಕೆಲಸ ಇಲ್ಲ ಅಂದ್ರು ಅಂತ ಹೇಳಿದ್ದೇವೆ.”

“ಮೇಡಂ, ಅವತ್ತು ಸರ್ ಏನಂದ್ರು ಅಂದ್ರೆ...”

“ಬೇಡ. ನನಗೆ ಅದು ಕೇಳ್ಲಿಕ್ಕೆ ಆಗುದಿಲ್ಲ ಇವತ್ತು. ಅವರು ನನಗೆ ಹೇಳಿದ್ದಾರೆ, ಅಷ್ಟು ಸಾಕು. ನೀವು ಯಾರ ಹತ್ರವೂ ಬಾಯಿ ಬಿಡುದಿಲ್ಲ ಅಂತ ಮಾತು ಕೊಡಿ.”

ಕಿಶನ್ ತಲೆಯಾಡಿಸಿದ. “ಆಯ್ತು ಮೇಡಂ. ನನ್ನಿಂದ ಒಂದು ಮಾತೂ ಹೊರಗೆ ಬರಲ್ಲ,” ಎಂದ.

*

ಮೂಗು ಹೋದದ್ದು ಒಂದು ಜ್ವರದಲ್ಲಿ. ಅಂಥ ದೊಡ್ಡ ಜ್ವರವೂ ಅಲ್ಲ. ಒಂದು ವಾರ ಮಲಗಿ ಎದ್ದ ಆಸ್ವಾಲ್ಡ್ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಇದಕ್ಕೆ ಪುಡಿ ಹಾಕಿದ್ದೀಯಾ?” ಎಂದು ಕೊಂಕಣಿಯಲ್ಲಿ ಕೇಳಿದ್ದ. ಐಡಾ ನಕ್ಕಿದ್ದಳು. ತಿಂಗಳು ಕಳೆದ ಮೇಲೆ ಇಬ್ಬರಿಗೂ ನಗು ಬರಲಿಲ್ಲ. ವಾಸನೆ ತಿರುಗಿ ಬಂದರೂ ಬರಬಹುದು ಎಂದರು ಡಾಕ್ಟರು. ಅದು ಬರಲಿಲ್ಲ.

ಹಾಡುಗಾರನಿಗೆ ಗಂಟಲು ಹೋದರೆ ಊರಿಗೆಲ್ಲ ತಿಳಿಯುತ್ತದೆ. ಮೂಗು ಹೋದದ್ದು ಯಾರಿಗೆ ಕಾಣಬೇಕು? ಅವನು ಹೋಟೆಲಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಬಾಟಲಿ ಕೆಟ್ಟಿದೆಯೇ ಎಂದು ನೋಡುವ ಹೊತ್ತಿಗೆ ಗ್ಲಾಸನ್ನು ತನ್ನ ಕೈಕೆಳಗೆ ಕಲಿಯುತ್ತಿದ್ದ ಜೇನ್‌ಳ ಕೈಗೆ ಕೊಟ್ಟು, “ಮೊದಲು ನೀನು ಹೇಳು, ಕಲಿಯಬೇಕಲ್ಲ,” ಎನ್ನುತ್ತಿದ್ದ. ಆದರೆ ಹೊಸ ವೈನ್ ತರಿಸುವಾಗ, ಅದರ ಬಗ್ಗೆ ಗಿರಾಕಿಗಳಿಗೆ ಹೇಳುವಾಗ, ಹುಡುಗಿಯನ್ನು ಮುಂದಿಟ್ಟುಕೊಂಡು ಎಷ್ಟು ದಿನ ತಳ್ಳಲಾದೀತು?

ಒಂದು ಶುಕ್ರವಾರ ಮಧ್ಯಾಹ್ನ ಅವನು ಸ್ಯಾಂಪಲ್ ಬಾಟಲಿಯೊಂದನ್ನು ಊಟದ ಮೇಜಿನ ಮೇಲಿಟ್ಟು ತಲೆಗೆ ಕೈಹೊತ್ತು ಕೂತಿದ್ದ. ಐಡಾಳಿಗೆ ವೈನ್ ಎಂದರೆ ಅಷ್ಟಕ್ಕಷ್ಟೆ. ಆದರೂ ಗಂಡನ ಆ ಮುಖ ನೋಡಲಾಗದೆ ಗ್ಲಾಸನ್ನು ಎತ್ತಿ ಮೂಸಿದಳು.

“ಪುನರ್ಪುಳಿ,” ಎಂದಳು. “ಒಣಗಿದ್ದಲ್ಲ, ಆಗಷ್ಟೇ ಒಡೆದ ಹಣ್ಣು. ಮತ್ತೆ ಮಳೆ ಬಂದು ನಿಂತ ಮೇಲೆ ಬಾವಿಕಟ್ಟೆ ಇರ್ತದಲ್ಲ, ಆ ಕಲ್ಲು.”

ಆಸ್ವಾಲ್ಡ್ ತಲೆ ಎತ್ತಿ ಅವಳನ್ನೇ ನೋಡಿದ.

ಐಡಾ ಶಂಕರಪುರದ ಮಲ್ಲಿಗೆ ಬೆಳೆಯುವವರ ಮಗಳು. ಬಾಳೆನಾರಿನಲ್ಲಿ ಕಟ್ಟಿದ ಹೂವಿನ ಚೆಂಡನ್ನು ಕಣ್ಣುಮುಚ್ಚಿ ಮೂಸಿ, ಇದು ನಮ್ಮ ಅಂಗಳದ್ದು, ಇದು ಹಿಂಡಿ ಗೊಬ್ಬರ ಹಾಕಿದ ಪಕ್ಕದ ಮನೆಯದ್ದು, ಇದು ಹೊಳೆಯ ಆಚೆ ಬದಿಯದ್ದು ಎಂದು ಹೇಳುವುದು ಅವಳಿಗೆ ಬಾಲ್ಯದ ಆಟವಾಗಿತ್ತು. ಅದೇನು ದೊಡ್ಡ ವಿದ್ಯೆ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಆವತ್ತಿನಿಂದ ಶುಕ್ರವಾರಗಳಲ್ಲಿ ಮೀನು ಹುರಿಯುವ ಮೊದಲು ಅವಳು ಗ್ಲಾಸುಗಳನ್ನು ಮೂಸಿದಳು. ಅವಳ ಪುನರ್ಪುಳಿ, ಹಸಿ ಅಣಬೆ, ಗೋಣಿಚೀಲಗಳನ್ನೆಲ್ಲ ಅವನು ದೊರೆಗಳಿಗೆ ತಿಳಿಯುವ ಇಂಗ್ಲಿಷಿಗೆ ತಿರುಗಿಸಿದ. ಮೂಗು ಸತ್ತ ಮೇಲೆಯೇ ಆಸ್ವಾಲ್ಡನ ಮೂಗಿಗೆ ಅಷ್ಟು ಕೀರ್ತಿ ಬಂದದ್ದು. ಗಂಡಹೆಂಡಿರು ಈ ತಮಾಷೆಯನ್ನು ಕೋಣೆಯೊಳಗೇ ಇಟ್ಟುಕೊಂಡು ನಗುತ್ತಿದ್ದರು.

ತೈಲ ಇನ್ನೂ ಎತ್ತರದಲ್ಲಿದ್ದ ಕಾಲಕ್ಕೆ ಹೋಟೆಲಿನವರು ಅವನನ್ನು ಫ್ರಾನ್ಸಿನ ಬರ್ಗಂಡಿಗೆ ಕಳಿಸಿದರು. ಐಡಾಳ ಟಿಕೆಟನ್ನು ಅವನೇ ತೆಗೆದ. ಬರ್ಗಂಡಿ ಎಂದರೆ ಅವಳು ಏನೇನೋ ಎಣಿಸಿದ್ದಳು. ನೋಡಿದರೆ ಒಂದೇ ಒಂದು ಉದ್ದನೆಯ ಗುಡ್ಡದ ಇಳಿಜಾರು. ಅದರ ತುಂಬ ಮೊಣಕಾಲೆತ್ತರದ ದ್ರಾಕ್ಷಿ ಗಿಡಗಳು, ನಡುನಡುವೆ ಮೋಟು ಕಲ್ಲುಗೋಡೆಗಳು. ಕೆಂಪು ವೈನಿಗೆಲ್ಲ ಒಂದೇ ಜಾತಿಯ ದ್ರಾಕ್ಷಿ. ಆದರೂ ಗೋಡೆಯ ಈಚೆಯದ್ದಕ್ಕೆ ಒಂದು ಹೆಸರು, ಆಚೆಯದ್ದಕ್ಕೆ ಇನ್ನೊಂದು. ಮಣ್ಣು, ಕಲ್ಲು, ಇಳಿಜಾರು, ಬಿಸಿಲು ಎಲ್ಲ ಸೇರಿ ಹಣ್ಣಿಗೆ ಕೊಡುವ ಗುಣಕ್ಕೆ ಫ್ರೆಂಚರು ತೆರ್ವಾರ್ ಎನ್ನುತ್ತಾರಂತೆ. ನೆಲಮಾಳಿಗೆಯಲ್ಲಿ ಮುದುಕ ರೈತನೊಬ್ಬ ಪೀಪಾಯಿಯಿಂದ ಒಂದೊಂದೇ ಗ್ಲಾಸಿಗೆ ಸುರಿದುಕೊಟ್ಟ. ಐಡಾ ಮೂಸಿ, ಸುಮ್ಮನೆ ಹರಟುವವಳಂತೆ ಗಂಡನ ಕಿವಿಯಲ್ಲಿ ಹೇಳಿದಳು.

“ಇದು ಗುಡ್ಡದ ತಲೆಯದ್ದು. ತೆಳು ಮಣ್ಣು, ಕೆಳಗೆ ಬರೀ ಸುಣ್ಣಕಲ್ಲು. ಇದು ಬುಡದ ಅಂಟುಮಣ್ಣಿನದ್ದು, ನೀರು ನಿಲ್ತದೆ ಅಲ್ಲಿ.”

ಆಸ್ವಾಲ್ಡ್ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಮುದುಕ ಅವನನ್ನು ತಬ್ಬಿಕೊಂಡು ಕೆನ್ನೆಗೆ ಮುತ್ತಿಟ್ಟ. ಐಡಾಳಿಗೆ ಆಮೇಲೆ ಮುದುಕನ ಹೆಂಡತಿ ಚೀಸ್ ಕತ್ತರಿಸಿ ಕೊಟ್ಟಳು. ವೋಲ್ನೆ ಎಂಬ ಹಳ್ಳಿಯಿಂದ ಪೊಮಾರ್ ಎಂಬ ಹಳ್ಳಿಗೆ ನಡೆದು ಹೋಗುವಾಗ ಆಸ್ವಾಲ್ಡ್ ದಾರಿಯ ಮಧ್ಯೆ ನಿಂತುಬಿಟ್ಟ.

“ಇದು ಸರಿಯಲ್ಲ ಐಡಾ. ಒಂದು ದಿನ ನಾನು ಎಲ್ಲರ ಎದುರು ಹೇಳಿಬಿಡ್ತೇನೆ.”

“ಹೇಳಿದ ಮರುದಿನ ಅಕ್ಕಿಗೆ ಎಲ್ಲಿ ಹೋಗುದು? ನಡಿ, ಚಳಿ ಆಗ್ತದೆ,” ಎಂದಿದ್ದಳು ಐಡಾ.

*

ಸ್ಮಶಾನದ ನೆಲ ಕಲ್ಲಿನಂತೆ ಗಟ್ಟಿಯಾಗಿತ್ತು. ಪಾದ್ರಿಯ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅವರ ಬಿಳಿ ನಿಲುವಂಗಿ ಬೆವರಿಗೆ ಬೆನ್ನಿಗಂಟಿತ್ತು. ಐಡಾ ಕುಸಿಯದಂತೆ ಒಂದು ಕಡೆ ಜೇನ್, ಇನ್ನೊಂದು ಕಡೆ ಕೆಳಗಿನ ಮನೆಯ ಸೈನಬ ಹಿಡಿದುಕೊಂಡಿದ್ದರು. ಪೆಟ್ಟಿಗೆ ಇಳಿಯುವಾಗ ಐಡಾಳ ಕಣ್ಣು ಮಾತ್ರ ಮತ್ತೆ ಮತ್ತೆ ಕಿಶನ್‌ನ ಕಡೆಗೇ ಹೋಗುತ್ತಿತ್ತು. ಅವನು ಹೋಟೆಲಿನ ಹಳೆಯ ಲೆಕ್ಕಾಧಿಕಾರಿ ಕೊರಗಪ್ಪನ ಪಕ್ಕ ನಿಂತಿದ್ದ. ಇಬ್ಬರೂ ತಲೆ ಬಗ್ಗಿಸಿ ಏನೋ ಮಾತಾಡುತ್ತಿದ್ದರು. ಗಂಡನನ್ನು ಮಣ್ಣು ಮಾಡುವ ಹೊತ್ತಿನಲ್ಲೂ ತಾನು ಇನ್ನೊಬ್ಬರ ತುಟಿ ನೋಡುತ್ತ ನಿಂತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಸೀಬ್‌ನ ತಮ್ಮ ಫ್ಲಾಟಿಗೆ ಐಡಾ ಮರಳಿದಾಗ ಸೈನಬಳ ಗಂಡ ಶಾಹುಲ್ ಹಮೀದ್ ತನ್ನ ಅಂಗಡಿ ಮುಚ್ಚಿ, ಗಂಜಿ, ಚಟ್ನಿ, ಮೀನುಸಾರು ಎಲ್ಲ ಮೇಲೆ ತರಿಸಿ ಇಟ್ಟಿದ್ದ. ಜನ ಊಟ ಮಾಡಿದರು. ಆಮೇಲೆ ಜೇನ್ ಚೀಲದಿಂದ ಎರಡು ವೈನ್ ಬಾಟಲಿ ತೆಗೆದು ಹಿಂಜರಿಯುತ್ತ ನಿಂತಳು. ಶಾಹುಲ್ ಹಮೀದ್ ತಾನಾಗಿಯೇ ಎದ್ದ.

“ಐಡಾಬಾಯಿ, ನಾವು ಕೆಳಗೆ ಇರ್ತೇವೆ. ನೀವು ನಿಮ್ಮ ಕ್ರಮ ಮಾಡಿ. ಅವರು ನನಗೆ ಅಣ್ಣನ ಹಾಗೆ ಇದ್ರು, ಅದ್ರಲ್ಲಿ ಎಂತ ಉಂಟು?”

ಸೈನಬ ಐಡಾಳ ತಲೆ ನೇವರಿಸಿ ಗಂಡನ ಹಿಂದೆ ಇಳಿದುಹೋದಳು.

ಜೇನ್ ಎಲ್ಲರಿಗೂ ಸ್ವಲ್ಪ ಸ್ವಲ್ಪ ಸುರಿದಳು. “ಸರ್ ಯಾವತ್ತೂ ತಾವು ಮೊದಲು ಹೇಳ್ತಿರ್ಲಿಲ್ಲ,” ಎಂದಳು. “ನಿನಗೆ ಎಂತ ಸಿಗ್ತದೆ ಅಂತ ನಮ್ಮ ಹತ್ರ ಕೇಳುದು. ನಾವು ತಪ್ಪು ಹೇಳಿದ್ರೂ ನಗ್ತಿರ್ಲಿಲ್ಲ. ಅಷ್ಟು ದೊಡ್ಡ ಮೂಗು ಇಟ್ಕೊಂಡು ಅಷ್ಟು ತಗ್ಗಿ ನಡೆಯುವವರನ್ನು ನಾನು ನೋಡಿಲ್ಲ.” ಐಡಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಕೊರಗಪ್ಪ ಗಂಟಲು ಸರಿಮಾಡಿಕೊಂಡ. ಸತ್ತ ಮನೆಯಲ್ಲೂ ಬಾಕಿ ಉಳಿದದ್ದನ್ನು ಕೇಳದೆ ಬಿಡುವ ಜನ್ಮವಲ್ಲ ಅದು. “ಅಲ್ಲ, ನನಗೊಂದು ತಿಳಿಯುದಿಲ್ಲ. ನಮ್ಮ ಹೋಟೆಲಿನವರು ತೆಗ್ದು ಹಾಕಿದ್ರು, ಸರಿ, ಗಿರಾಕಿಯೇ ಇರ್ಲಿಲ್ಲ. ದುಬೈಯವರದ್ದೂ ಎಣ್ಣೆ ರೇಟೇ ಕಾರಣ ಅಂದ್ರೆ, ಕರೆದು ಪರೀಕ್ಷೆ ಮಾಡಿ ಯಾಕೆ ಬಿಟ್ರು? ಅಲ್ಲಿಂದ ಬಂದ ಮೇಲೆ ಮನುಷ್ಯ ನಮ್ಮ ಹತ್ರ ಮಾತೇ ಬಿಟ್ಟ. ನೀವು ಅಲ್ಲೇ ಇದ್ದವರಲ್ವಾ ಕಿಶನ್, ಎಂತ ಆಯ್ತು?”

ಎಲ್ಲರೂ ಕಿಶನ್‌ನ ಕಡೆ ತಿರುಗಿದರು. ಐಡಾ ಮುಖದ ಮೇಲಿನ ಸೆರಗು ಸರಿಸಿ ಅವನನ್ನೇ ನೋಡಿದಳು.

*

ದುಬೈಗೆ ಹೋಗು ಎಂದು ಹಟ ಹಿಡಿದವಳು ಅವಳೇ. ಕೆಲಸ ಹೋಗಿ ಆರು ತಿಂಗಳಾಗಿತ್ತು. ಮೂಗಿಲ್ಲದಿದ್ದರೇನು, ನಾಲಿಗೆ ಉಂಟಲ್ಲ ಎಂದು ಅವಳು ಮನೆಯಲ್ಲಿ ಉಳಿದಿದ್ದ ಬಾಟಲಿಗಳನ್ನೆಲ್ಲ ಒಂದೊಂದಾಗಿ ತೆರೆದು ಅವನಿಗೆ ಪಾಠ ಮಾಡಿದ್ದಳು. ಇದು ಒಸಡಿಗೆ ಒರಟು, ಹಾಗಾದರೆ ಪೊಮಾರ್. ಇದು ನುಣ್ಣಗೆ ಜಾರುತ್ತದೆ, ವೋಲ್ನೆ. ಪರೀಕ್ಷೆಗೆ ಓದುವ ಹುಡುಗನ ಹಾಗೆ ಅವನು ಒಪ್ಪಿಸಿದ್ದ. ಹೊರಡುವಾಗ ಅವಳೇ ಟೈ ಸರಿಮಾಡಿ ಕಳಿಸಿದ್ದಳು.

ಮರುದಿನ ಬಂದವನು ಶೂ ಕೂಡ ಬಿಚ್ಚದೆ ಬಾಲ್ಕನಿಯ ಕುರ್ಚಿಯಲ್ಲಿ ಕೂತ.

“ಐದು ಗ್ಲಾಸು ಇಟ್ಟರು. ನನಗೆ ಒಂದೂ ಆಗಲಿಲ್ಲ. ಕಿಶನ್ ಎದುರಿಗೇ ಇದ್ದ. ಖಲಾಸ್, ಐಡಾ.”

ಅದಕ್ಕಿಂತ ಹೆಚ್ಚು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಅವನು ಆ ಕುರ್ಚಿಯಿಂದ ಎದ್ದದ್ದು ಊಟಕ್ಕೆ ಮತ್ತು ನಿದ್ರೆಗೆ. ಅವಳು ಸ್ಯಾಂಪಲ್ ಮೂಸಿ ಹೇಳುತ್ತಿದ್ದ ಹಳೆಯ ಮಾತುಗಳನ್ನು ನೆನಪಿಸಿ ನಗಿಸಲು ಹೋದರೆ ಅವನು ಮುಖ ತಿರುಗಿಸುತ್ತಿದ್ದ. ತನ್ನ ಮೂಗಿನ ಮೇಲೆ ಅವನಿಗೆ ಸಿಟ್ಟು ಬಂದಿದೆ, ತಾನು ಕಲಿಸಿದ್ದು ಕೈಕೊಟ್ಟಿದ್ದಕ್ಕೆ ತನ್ನನ್ನೇ ದೂರುತ್ತಿದ್ದಾನೆ ಎಂದು ಅವಳು ನಂಬಿದಳು. ಕೊನೆಗೆ ಒಂದು ಮಧ್ಯಾಹ್ನ ಊಟಕ್ಕೆ ಕರೆದರೂ ಅವನು ಏಳಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ಅದು ಯಾವಾಗಲೋ ನಿಂತಿತ್ತು ಎಂದು ಐಡಾಳಿಗೆ ಗೊತ್ತಿತ್ತು.

*

“ಏನಾಯ್ತು ಅಂದ್ರೆ,” ಎಂದ ಕಿಶನ್, ಗ್ಲಾಸನ್ನು ಮೇಜಿನ ಮೇಲಿಡುತ್ತ, “ಅಂಥ ಟೇಸ್ಟಿಂಗ್ ನಾನು ಜನ್ಮದಲ್ಲಿ ನೋಡಿರ್ಲಿಲ್ಲ.”

ಕೊರಗಪ್ಪ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

“ಬರ್ಗಂಡಿಯ ಐದು ಗ್ಲಾಸು. ಲೇಬಲ್ ಇಲ್ಲ, ಏನಿಲ್ಲ. ಸರ್ ಒಂದೊಂದೇ ಮೂಸಿದ್ರು, ಆತುರವೇ ಇಲ್ಲ. ಇದು ಗುಡ್ಡದ ಮೇಲ್ಗಡೆದು, ಇದು ರಸ್ತೆ ಕೆಳಗಡೆದು, ಇದು ವೋಲ್ನೆ, ಇದು ಪೊಮಾರ್. ಐದಕ್ಕೆ ಐದೂ ಹೇಳ್ಬಿಟ್ರು. ನಮ್ಮ ಬಾಸು ಇಂಗ್ಲಿಷ್‌ನವನು, ಎದ್ದು ನಿಂತು ಕೈ ಕುಲುಕಿದ. ಕೆಲಸ ಕೊಡಬೇಕು ಅಂತಲೇ ಇತ್ತು. ಅಷ್ಟರಲ್ಲಿ ಮೇಲಿನವರು ಹೊಸ ಜನಾನೇ ತಗೋಬೇಡಿ ಅಂದ್ರು. ಎಣ್ಣೆ ಬಿದ್ದ ಏಟು. ಇಲ್ಲದಿದ್ರೆ...”

ಜೇನ್ ಬಿಕ್ಕಿ ಬಿಕ್ಕಿ ಅತ್ತಳು. ಕೊರಗಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಅಂಥವನಿಗೆ ಇಂಥ ಕಾಲ ಬಂತಲ್ಲ,” ಎಂದ. ಯಾರೋ ಗ್ಲಾಸು ಎತ್ತಿದರು, ಎಲ್ಲರೂ ಎದ್ದು ನಿಂತರು. ಐಡಾ ಕೈಮುಗಿದಳು. ಗಂಡನ ಹೆಸರು ಉಳಿಯಿತು. ಎದೆಯ ಮೇಲಿನ ಕಲ್ಲು ಇಳಿಯಿತು ಅನ್ನಿಸಿ ಅವಳು ಮತ್ತೆ ಅತ್ತಳು.

ಸಂಜೆಯ ಹೊತ್ತಿಗೆ ಒಬ್ಬೊಬ್ಬರೇ ಹೊರಟರು. ಎಲ್ಲರೂ ಹೋದ ಮೇಲೂ ಕಿಶನ್ ಉಳಿದ. ಜೇನ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಐಡಾ ಬಾಗಿಲ ಬಳಿ ನಿಂತು ಅವನಿಗೆ ಕೈ ಮುಗಿಯಹೋದಾಗ ಅವನು ತಡೆದ.

“ಬೇಡ ಮೇಡಂ. ಸುಳ್ಳು ಹೇಳಿ ಕೈ ಮುಗಿಸ್ಕೊಳ್ಳೋಕೆ ಆಗಲ್ಲ. ಮಾತು ಕೊಟ್ಟಿದ್ದೆ, ನಡೆಸ್ಕೊಂಡೆ. ಆದ್ರೆ ಬೆಳಿಗ್ಗೆ ನೀವು ನನ್ನ ಹೇಳೋಕೆ ಬಿಡ್ಲಿಲ್ಲ. ಸರ್ ಅವತ್ತು ಸುಮ್ಮನೆ ಕೂತು ಎದ್ದು ಬರ್ಲಿಲ್ಲ.”

“ಮತ್ತೆ?”

“ಗ್ಲಾಸುಗಳನ್ನ ಮುಟ್ಟಲೇ ಇಲ್ಲ ಅವರು. ಎದ್ದು ನಿಂತು ಬಾಸ್‌ಗೆ ಹೇಳಿದ್ರು, ನನಗೆ ಮೂಗೇ ಇಲ್ಲ, ವರ್ಷಗಳಾಯ್ತು. ನೀವು ನನ್ನ ಹೆಸರಲ್ಲಿ ಏನೇನು ಕೇಳಿದ್ದೀರೋ ಅದೆಲ್ಲ ನನ್ನ ಹೆಂಡತಿದು. ಅವಳನ್ನ ಕರೆಸಿ, ಕೆಲಸ ಅವಳಿಗೆ ಕೊಡಿ, ನಾನು ಅವಳ ಬಾಟ್ಲಿ ಹೊರ್ತೀನಿ ಅಂದ್ರು.”

“ಎಲ್ಲರ ಎದುರು ಹೇಳಿದ್ರಾ?” ಎಂದಳು ಐಡಾ.

“ಬಾಸು ನಕ್ಕುಬಿಟ್ಟ. ಆಮೇಲೆ ಕುಡಿದು ಬಂದಿದ್ದಾರೇನೋ ಅಂತ ಹೊರಗೆ ಕಳಿಸೋಕೆ ಹೇಳಿದ. ನಾನು ಒಂದು ಮಾತೂ ಆಡ್ಲಿಲ್ಲ ಮೇಡಂ, ತಲೆ ತಗ್ಗಿಸಿ ಕೂತಿದ್ದೆ. ಸೋಲು ಒಪ್ಪೋಕೆ ಆಗದೆ ನಿಮ್ಮನ್ನ ಮುಂದೆ ಮಾಡಿದ್ರು ಅಂತಲೇ ನಾನೂ ಅಂದ್ಕೊಂಡೆ. ಇವತ್ತಿಗೂ ಅದೇ ಅನ್ಸತ್ತೆ. ಆದ್ರೂ ಕೇಳ್ತೀನಿ, ನಿಜಾನಾ?”

ಬೆಳಿಗ್ಗೆ ಚರ್ಚಿನ ಗೋಡೆಯ ನೆರಳಲ್ಲಿ ಐಡಾ ತಡೆದದ್ದು ಈ ಮಾತನ್ನೇ. ಜಗತ್ತಿನಲ್ಲಿ ಅವನು ಒಂದೇ ಒಂದು ಸಲ ಅವಳ ಹೆಸರು ಹೇಳಿದ್ದ. ಕೇಳಿದವರು ನಕ್ಕಿದ್ದರು. ಆ ನಗುವನ್ನು ಅವಳಿಗೆ ತಿಳಿಸಲಾರದೆ ಅವನು ಅಷ್ಟು ತಿಂಗಳು ಮುಖ ತಿರುಗಿಸಿ ಕೂತಿದ್ದ.

“ನಿಜ,” ಎಂದಳು. “ನಾನೇ.”

ಕಿಶನ್ ಅವಳನ್ನು ನೋಡಿದ ನೋಟದಲ್ಲಿ ಕನಿಕರವಿತ್ತು, ನಂಬಿಕೆ ಇರಲಿಲ್ಲ. ಸತ್ತ ಗಂಡನ ಮಾತು ಉಳಿಸಲು ಹೆಂಡತಿ ಇಷ್ಟಾದರೂ ಹೇಳದಿರುತ್ತಾಳೆಯೇ ಎಂಬ ನೋಟ ಅದು. ಅದು ಅವಳಿಗೆ ಅರ್ಥವಾಯಿತು, ಮೈಯೆಲ್ಲ ಉರಿಯಿತು.

“ನಂಬುದಿಲ್ಲ ನೀವು. ಅಲ್ಲಿ ಇಟ್ಟದ್ದು ಯಾವ ವೈನು ಅಂತ ನಿಮಗೆ ಗೊತ್ತುಂಟಲ್ಲ? ತನ್ನಿ. ಈಗ ಹೇಳ್ತೇನೆ.”

ಕಿಶನ್ ತನ್ನ ಬ್ಯಾಗಿನಿಂದ ಬಟ್ಟೆ ಸುತ್ತಿದ ಬಾಟಲಿಯೊಂದನ್ನು ತೆಗೆದ. “ಅವತ್ತಿನ ಐದರಲ್ಲಿ ಒಂದು ಇದು. ಸರ್ ಹೆಸರಲ್ಲಿ ನಿಮ್ಮ ಮನೇಲಿ ಇಟ್ಟು ಹೋಗೋಣ ಅಂತ ತಂದೆ,” ಎಂದು ತಿರುಗಿ ನಿಂತು ಬಿರಡೆ ತೆಗೆದು ಗ್ಲಾಸಿಗೆ ಸುರಿದ. ಜೇನ್ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು, ಏನೂ ತಿಳಿಯದೆ ಇಬ್ಬರನ್ನೂ ನೋಡುತ್ತ ನಿಂತಳು.

ಐಡಾ ಗ್ಲಾಸನ್ನು ತೆಗೆದುಕೊಂಡಳು. ಒಂದು ಹೆಸರು ಹೇಳಿದರೆ ಸಾಕು, ಆ ನಗು ಅಳಿಸಿಹೋಗುತ್ತದೆ. ಕಣ್ಣುಮುಚ್ಚಿ ಮೂಗನ್ನು ಗ್ಲಾಸಿನೊಳಗೆ ಇಳಿಸಿ ಉಸಿರೆಳೆದಳು.

ಏನೂ ಬರಲಿಲ್ಲ.

ಅವಳು ಗ್ಲಾಸನ್ನು ಮೆಲ್ಲಗೆ ಅಲುಗಿಸಿ ಮತ್ತೊಮ್ಮೆ ಎಳೆದಳು. ದಿನಗಟ್ಟಲೆ ಅತ್ತು ಅತ್ತು ಎರಡೂ ಹೊಳ್ಳೆಗಳು ಬಿಗಿದುಹೋಗಿದ್ದವು. ಸೆರಗಿನ ತುದಿಯಿಂದ ಮೂಗು ಒರೆಸಿ ಮತ್ತೆ ಬಗ್ಗಿದಳು. ಹಣ್ಣಿಲ್ಲ, ಕಲ್ಲಿಲ್ಲ, ಮಣ್ಣಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಹುಳಿ, ತಣ್ಣಗಿನ ನೀರು, ಅಷ್ಟೆ. ಇಷ್ಟು ವರ್ಷ ಅವನ ಬಾಯಿಗೆ ಸಿಗುತ್ತಿದ್ದದ್ದು ಇದು.

“ಆಂಟೀ?” ಎಂದಳು ಜೇನ್.

ಕಿಶನ್ ಕಾದ. ಆಮೇಲೆ ತುಂಬ ಮೃದುವಾಗಿ, “ಪರವಾಗಿಲ್ಲ ಮೇಡಂ. ಬಿಡಿ,” ಎಂದು ಗ್ಲಾಸಿಗಾಗಿ ಕೈ ಚಾಚಿದ.

ಐಡಾ ಕೊಡಲಿಲ್ಲ. ಎರಡೂ ಕೈಯಲ್ಲಿ ಗ್ಲಾಸನ್ನು ಹಿಡಿದು, ಮುಖವನ್ನು ಅದರೊಳಗೆ ಒತ್ತಿ, ಬಾಯಿಯಿಂದ ಏದುಸಿರು ಬಿಡುತ್ತ ಅವಳು ಮೂಸುತ್ತಲೇ ಇದ್ದಳು. ಉಸಿರಿಗೆ ಗಾಜು ಮಬ್ಬಾಗಿ, ಒಳಗಿನ ಕೆಂಪು ಕಾಣದಾಯಿತು.